ರಿಮೋಟ್ ವರ್ಕರ್ ವೀಸಾ: ಬಾಲಿಯಲ್ಲಿ ವಾಸ, ಬೇರೆ ದೇಶದ ಸಂಬಳ

ವಿದೇಶಕ್ಕೆ ಹೋಗುವವರನ್ನು ವಲಸೆ ಕಾನೂನು ಬಹುಕಾಲ ಎರಡೇ ಕಣ್ಣಿನಿಂದ ನೋಡುತ್ತಿತ್ತು: ಒಂದೋ ಪ್ರವಾಸಿ, ಇಲ್ಲವೇ ಅಲ್ಲಿ ಕೆಲಸಕ್ಕೆ ಸೇರಲು ಬಂದವರು. ಲ್ಯಾಪ್‌ಟಾಪ್ ಹಿಡಿದು ಬಂದವರು ಈ ಎರಡಕ್ಕೂ ಸೇರುವುದಿಲ್ಲ. ನಾಲ್ಕು ದಿನ ಸುತ್ತಾಡಿ ಹೊರಡುವವರಲ್ಲ, ಮನೆ ಬಾಡಿಗೆಗೆ ಹಿಡಿದು ತಿಂಗಳುಗಟ್ಟಲೆ ಇರುವವರು. ಆದರೆ ಅಲ್ಲಿನ ಯಾವ ಕಂಪನಿಯಲ್ಲೂ ಅವರಿಗೆ ನೌಕರಿಯಿಲ್ಲ. ಸಂಬಳ ಬರುವುದು ಇನ್ನೊಂದು ದೇಶದಿಂದ. ಇಂಥವರಿಗೆಂದೇ ರೂಪಿಸಿದ್ದು ರಿಮೋಟ್ ವರ್ಕರ್ ವೀಸಾ. ಡಿಜಿಟಲ್ ನೋಮ್ಯಾಡ್ ವೀಸಾ ಎಂದು ಜನ ಕರೆಯುವುದೂ ಇದನ್ನೇ.

ಈ ವೀಸಾ ಕೊಡುವುದು ವಾಸಕ್ಕೆ ಅನುಮತಿ. ಆ ದೇಶದಲ್ಲಿ ದುಡಿಮೆ ಹುಡುಕಿಕೊಳ್ಳಲು ಅಲ್ಲ. ‘ನಿನ್ನ ಕೆಲಸ ನಿನ್ನ ಜೊತೆಗೇ ಬರಲಿ, ನಮ್ಮವರ ಕೆಲಸಕ್ಕೆ ಮಾತ್ರ ಕೈ ಹಾಕಬೇಡ’ ಎಂಬುದು ಇದರ ಹಿಂದಿನ ಕರಾರು. ಇದೊಂದು ಮನಸ್ಸಿಗೆ ಹತ್ತಿದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಇಂಥ ವೀಸಾಗಳು ಸಾಲುಸಾಲಾಗಿ ಬಂದದ್ದು 2020ರಿಂದ ಈಚೆಗೆ. ಕೋವಿಡ್‌ನಿಂದ ವಿಮಾನಗಳು ನಿಂತಾಗ ಪ್ರವಾಸೋದ್ಯಮವನ್ನೇ ನಂಬಿದ್ದ ದ್ವೀಪಗಳಿಗೆ ದಿಕ್ಕು ತೋಚಲಿಲ್ಲ. ಒಂದು ವಾರ ಇದ್ದು ಹೋಗುವ ಸಾವಿರ ಜನ ಬಾರದಿದ್ದರೆ ಬೇಡ, ಒಂದು ವರ್ಷ ಇರುವ ನೂರು ಜನ ಬರಲಿ ಎಂದು ಕೆರಿಬಿಯನ್‌ನ ಬಾರ್ಬಡೋಸ್ 2020ರ ಜುಲೈನಲ್ಲಿ 12 ತಿಂಗಳ ‘ವೆಲ್‌ಕಮ್ ಸ್ಟ್ಯಾಂಪ್’ ಶುರುಮಾಡಿತು. ವರ್ಷಕ್ಕೆ 50,000 ಡಾಲರ್ ಆದಾಯವಿರಬೇಕು, ಒಬ್ಬರಿಗೆ 2,000 ಡಾಲರ್ ಶುಲ್ಕ. ಹಿಂದೂ ಮಹಾಸಾಗರದ ಮಾರಿಷಸ್ ಆ ವರ್ಷವೇ ಪ್ರೀಮಿಯಂ ವೀಸಾ ತಂದಿತು. ಅಲ್ಲಿ ತಿಂಗಳಿಗೆ 1,500 ಡಾಲರ್ ಆದಾಯ ತೋರಿಸಿದರೆ ಸಾಕಿತ್ತು.

ವಿಚಿತ್ರವೆಂದರೆ, ಲ್ಯಾಪ್‌ಟಾಪ್ ಕೆಲಸಗಾರರು ಅದಕ್ಕೂ ಮೊದಲೇ ಬೀಡುಬಿಟ್ಟಿದ್ದ ಇಂಡೊನೇಷ್ಯಾದ ಬಾಲಿ ದ್ವೀಪ ಈ ದಾರಿ ತೆರೆದದ್ದು ತಡವಾಗಿ. ಚಂಗು, ಉಬುದ್ ಊರುಗಳ ಕೆಫೆಗಳಲ್ಲಿ ಅಂಥವರು ತುಂಬಿಕೊಂಡು ವರ್ಷಗಳೇ ಆಗಿದ್ದವು. ಅವರಲ್ಲಿ ಬಹಳಷ್ಟು ಮಂದಿ ಬಂದದ್ದು ಪ್ರವಾಸಿಗಳ ವೀಸಾದ ಮೇಲೆ. ವಿಮಾನ ನಿಲ್ದಾಣದಲ್ಲಿ 5 ಲಕ್ಷ ರುಪಯಾ (ಇಂಡೊನೇಷ್ಯಾದ ಹಣ) ಕಟ್ಟಿದರೆ 30 ದಿನ ಸಿಗುತ್ತದೆ, ಒಮ್ಮೆ ವಿಸ್ತರಿಸಿದರೆ ಇನ್ನೂ 30 ದಿನ. ಅದು ಮುಗಿದ ಕೂಡಲೇ ಸಿಂಗಪುರಕ್ಕೆ ಹಾರಿ, ಮತ್ತೆ ಇಳಿದು, ಹೊಸ ಮುದ್ರೆ ಹಾಕಿಸಿಕೊಳ್ಳುವುದು. ಇದಕ್ಕೆ ‘ವೀಸಾ ರನ್’ ಎಂದು ಹೆಸರು.

ಇಂಡೊನೇಷ್ಯಾ ಕೊನೆಗೆ 2024ರಲ್ಲಿ ಜಾರಿಗೆ ತಂದದ್ದು ಇ33ಜಿ ಎಂಬ ವೀಸಾ. ಅವಧಿ ಒಂದು ವರ್ಷ, ವಿಸ್ತರಣೆಗೆ ಅವಕಾಶವಿದೆ. ಇಂಡೊನೇಷ್ಯಾದ ಹೊರಗಿನ ಕಂಪನಿಯೊಂದಿಗಿನ ಉದ್ಯೋಗ ಒಪ್ಪಂದ ಬೇಕು, ವರ್ಷಕ್ಕೆ 60,000 ಡಾಲರ್ ಆದಾಯಕ್ಕೆ ದಾಖಲೆ ಬೇಕು, ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕನಿಷ್ಠ 2,000 ಡಾಲರ್ ಕಾಣಬೇಕು. ತಿಂಗಳಿಗೆ 5,000 ಡಾಲರ್ ಎಂದರೆ ಸಣ್ಣ ಮೊತ್ತವಲ್ಲ. ನಾಲ್ಕಾರು ಗಿರಾಕಿಗಳಿಗೆ ಬಿಡಿ ಕೆಲಸ ಮಾಡಿಕೊಡುವ ಫ್ರೀಲಾನ್ಸರ್‌ಗಳಿಗೆ ಈ ಒಪ್ಪಂದದ ಷರತ್ತೇ ದೊಡ್ಡ ಅಡ್ಡಿ. ನನ್ನ ಮಟ್ಟಿಗೆ ಇದು ಬಾಲಿಯ ನಿಯಮದ ದೊಡ್ಡ ಕೊರತೆ; ಅಲ್ಲಿಗೆ ಹೋಗಬಯಸುವವರಲ್ಲಿ ಅಂಥವರೂ ಬಹಳ.

ಇನ್ನು ‘ಕೆಲಸ’ ಎಂದರೆ ಯಾವುದು ಎಂಬ ಪ್ರಶ್ನೆ. ಜನ ಎಡವುವುದು ಇಲ್ಲಿಯೇ, ಹಾಗಾಗಿ ಇದನ್ನು ತುಸು ಬಿಡಿಸಿ ಹೇಳುತ್ತೇನೆ. ಒಬ್ಬರು ಉಬುದ್‌ನಲ್ಲಿ ಕುಳಿತು ಜರ್ಮನಿಯ ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಾರೆ, ಇ33ಜಿ ಇದೆ ಎಂದುಕೊಳ್ಳಿ. ಇದಕ್ಕೆ ಯಾವ ತಕರಾರೂ ಇಲ್ಲ. ಅವರೇ ಶನಿವಾರ ಪಕ್ಕದ ವಿಲ್ಲಾದ ಫೋಟೊ ತೆಗೆದುಕೊಟ್ಟು ಹಣ ಪಡೆದರೆ ನಿಯಮ ಮುರಿದಂತೆ. ಪರಿಚಯದವರಿಗೆ ದುಡ್ಡು ಪಡೆದು ಯೋಗ ಹೇಳಿಕೊಟ್ಟರೂ ಅಷ್ಟೇ, ತಂದ ಸಾಮಾನು ಮಾರಿದರೂ ಅಷ್ಟೇ. ಇಂಡೊನೇಷ್ಯಾದ ವ್ಯಕ್ತಿಯಿಂದಾಗಲಿ ಕಂಪನಿಯಿಂದಾಗಲಿ ಸಂಭಾವನೆ ಪಡೆಯುವಂತಿಲ್ಲ ಎಂದು ವೀಸಾದ ಷರತ್ತಿನಲ್ಲೇ ಇದೆ. ದುಡ್ಡಿನ ಬದಲು ಒಂದು ವಾರದ ಪುಕ್ಕಟೆ ವಾಸ ಕೊಡುತ್ತೇವೆ, ನಮ್ಮ ವಿಲ್ಲಾದ ವಿಡಿಯೊ ಮಾಡಿಕೊಡಿ ಎಂದು ಯಾರಾದರೂ ಕೇಳಿದರೆ ಅದನ್ನೂ ಒಪ್ಪಬೇಡಿ ಎಂದೇ ನಾನು ಹೇಳುವುದು.

ಈ ಬಿಗಿಗೆ ಕಾರಣವಿದೆ. ವಿದೇಶಿಯೊಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಇಂಡೊನೇಷ್ಯಾದ ಕಂಪನಿ ಮೊದಲು ಸರ್ಕಾರದಿಂದ ಒಪ್ಪಿಗೆ ಪಡೆಯಬೇಕು, ಆಮೇಲೆ ತಲೆಗೆ ತಿಂಗಳಿಗೆ 100 ಡಾಲರ್ ಕಟ್ಟಬೇಕು. ಸ್ಥಳೀಯರು ಮಾಡಬಲ್ಲ ಕೆಲಸ ಅವರ ಕೈಯಲ್ಲೇ ಉಳಿಯಲಿ ಎಂಬುದು ಇದರ ಉದ್ದೇಶ. ಬಾಲಿಯ ಫೋಟೊಗ್ರಾಫರ್, ಅಲೆಯ ಮೇಲೆ ಹಲಗೆ ಓಡಿಸಲು ಕಲಿಸುವ ತರುಣ, ಸ್ಕೂಟರ್ ಬಾಡಿಗೆಗೆ ಕೊಡುವ ಕುಟುಂಬ, ಎಲ್ಲರ ಅನ್ನವೂ ಬರುವ ಅತಿಥಿಗಳಿಂದಲೇ. ಅತಿಥಿಯೇ ಅವರ ಎದುರು ಅಂಗಡಿ ತೆರೆದರೆ ಅವರಿಗೆ ಉಳಿಯುವುದೇನು? ನನಗೆ ಈ ನಿಯಮ ನ್ಯಾಯವಾಗಿಯೇ ಕಾಣುತ್ತದೆ.

‘ಎಲ್ಲರೂ ಪ್ರವಾಸಿ ವೀಸಾದಲ್ಲೇ ಮಾಡುತ್ತಾರೆ, ಏನೂ ಆಗುವುದಿಲ್ಲ’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ರಜೆಯಲ್ಲಿದ್ದಾಗ ಎರಡು ಇಮೇಲ್‌ಗೆ ಉತ್ತರಿಸಿದವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ, ನಿಜ. ಆದರೆ 2011ರ ವಲಸೆ ಕಾನೂನಿನ 122ನೇ ವಿಧಿಯ ಪ್ರಕಾರ ಉದ್ದೇಶಕ್ಕೆ ಹೊಂದದ ಹಾಗೆ ವೀಸಾ ಬಳಸಿದರೆ 5 ವರ್ಷದವರೆಗೆ ಸೆರೆ, 50 ಕೋಟಿ ರುಪಯಾವರೆಗೆ ದಂಡ. ಅವಧಿ ಮೀರಿ ಉಳಿದರೆ ದಿನಕ್ಕೆ 10 ಲಕ್ಷ ರುಪಯಾ. 60 ದಿನ ದಾಟಿದರೆ ಗಡೀಪಾರು, ಜೊತೆಗೆ ಮರಳಿ ಬರದಂತೆ ನಿಷೇಧ. ಒಮ್ಮೆ ಗಡೀಪಾರಾದವರು ಮುಂದೆ ಬೇರೆ ದೇಶದ ವೀಸಾ ಅರ್ಜಿಯಲ್ಲೂ ಅದನ್ನು ಹೇಳಿಕೊಳ್ಳಬೇಕಾಗಿ ಬರಬಹುದು. ಒಂದು ವರ್ಷದ ಕಡಲತೀರದ ಬದುಕಿಗೆ ತೆರುವ ಬೆಲೆ ಅದಲ್ಲ.

ವೀಸಾ ಕೈಗೆ ಬಂದಿತೆಂದರೆ ತೆರಿಗೆಯ ವಿಚಾರವೂ ಮುಗಿಯಿತು ಎಂದು ಭಾವಿಸುವವರಿದ್ದಾರೆ. ಎರಡೂ ಬೇರೆ ಬೇರೆ ಇಲಾಖೆ, ಬೇರೆ ಬೇರೆ ಕಾನೂನು. ಇಂಡೊನೇಷ್ಯಾದಲ್ಲಿ 12 ತಿಂಗಳ ಒಳಗೆ 183 ದಿನಕ್ಕಿಂತ ಹೆಚ್ಚು ಇದ್ದವರನ್ನು ತೆರಿಗೆಯ ಲೆಕ್ಕಕ್ಕೆ ಅಲ್ಲಿನ ನಿವಾಸಿ ಎಂದು ಪರಿಗಣಿಸಬಹುದು. ದಿನಗಳು ಒಂದೇ ಸಮನೆ ಇರಬೇಕೆಂದಿಲ್ಲ, ಬಿಡಿಬಿಡಿಯಾಗಿ ಕೂಡಿಸಿದರೂ ಲೆಕ್ಕವೇ. ಬಾರ್ಬಡೋಸ್ ಮಾತ್ರ ತನ್ನ ಸ್ಟ್ಯಾಂಪ್ ಪಡೆದವರ ಹೊರಗಿನ ಸಂಬಳಕ್ಕೆ ಆದಾಯ ತೆರಿಗೆ ಇಲ್ಲವೆಂದು ಕಾನೂನನ್ನೇ ಮಾಡಿತು. ಮಾರಿಷಸ್‌ನದು ಇನ್ನೊಂದು ಬಗೆ: ಅಲ್ಲಿ ಕುಳಿತು ದುಡಿದ ಹಣವನ್ನು ದೇಶದೊಳಗೆ ತಂದರೆ ಮಾತ್ರ ತೆರಿಗೆಯ ಪ್ರಶ್ನೆ ಏಳುತ್ತದೆ, ವಿದೇಶದ ಕಾರ್ಡ್ ಉಜ್ಜಿ ಖರ್ಚು ಮಾಡಿದ್ದನ್ನು ಹಣ ತಂದಂತೆ ಎಣಿಸುವುದಿಲ್ಲ. ಇದರ ಜೊತೆಗೆ ಪಾಸ್‌ಪೋರ್ಟ್ ಕೊಟ್ಟ ದೇಶದ ತೆರಿಗೆಯೂ ಇರಬಹುದು. ಎರಡು ದೇಶಗಳ ನಡುವೆ ತೆರಿಗೆ ಒಪ್ಪಂದ ಇದೆಯೇ ಎಂದು ಹೊರಡುವ ಮೊದಲೇ ಲೆಕ್ಕಪರಿಶೋಧಕರ ಬಳಿ ಕೇಳಿಕೊಳ್ಳುವುದು ಕ್ಷೇಮ.

ಕಂಪನಿಗೆ ತಿಳಿಸದೆ ಹೊರಡುವುದಂತೂ ಬೇಡವೇ ಬೇಡ. ನೌಕರರೊಬ್ಬರು ಒಂದು ದೇಶದಲ್ಲಿ ಬಹುಕಾಲ ಕುಳಿತು ಕೆಲಸ ಮಾಡಿದರೆ ಕಂಪನಿಗೇ ಅಲ್ಲಿ ಕಾಯಂ ನೆಲೆ ಇದೆ ಎಂದು ತೆರಿಗೆ ಇಲಾಖೆ ವಾದಿಸಲು ದಾರಿಯಾಗುತ್ತದೆ. ಆರೋಗ್ಯ ವಿಮೆ ಆ ದೇಶದಲ್ಲಿ ನಡೆಯದೆ ಹೋಗಬಹುದು, ಗ್ರಾಹಕರ ಮಾಹಿತಿ ಗಡಿ ದಾಟಬಾರದೆಂಬ ಕರಾರು ಇರಬಹುದು. ಲಿಖಿತ ಒಪ್ಪಿಗೆ ಪಡೆಯಿರಿ. ಇ33ಜಿಗೆ ಹೇಗೂ ಉದ್ಯೋಗದ ಪತ್ರ ಬೇಕೇ ಬೇಕು.

ದಿನನಿತ್ಯದ ಒಂದೆರಡು ಸಂಗತಿಗಳನ್ನೂ ಕಂಪನಿಗೆ ಮೊದಲೇ ಹೇಳಿಡಬೇಕು. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಬೆಳಗಿನ 9 ಗಂಟೆ ಎಂದರೆ ಬಾಲಿಯಲ್ಲಿ ರಾತ್ರಿ 10. ವರ್ಷಕ್ಕೊಮ್ಮೆ ಬರುವ ನ್ಯೆಪಿ ಹಬ್ಬದಂದು, ಅಂದರೆ ಬಾಲಿಯ ಹಿಂದೂಗಳ ಮೌನದ ದಿನದಂದು, ವಿಮಾನ ನಿಲ್ದಾಣ ಇಡೀ ದಿನ ಮುಚ್ಚುತ್ತದೆ, ಯಾರೂ ರಸ್ತೆಗೆ ಇಳಿಯುವಂತಿಲ್ಲ, 2018ರಿಂದ ಮೊಬೈಲ್ ಇಂಟರ್‌ನೆಟ್ಟನ್ನೂ ನಿಲ್ಲಿಸುತ್ತಿದ್ದಾರೆ. ಅತಿಥಿಗಳೂ ಅಂದು ಬಾಗಿಲು ಹಾಕಿಕೊಂಡು ಒಳಗಿರಬೇಕು. ಆ ದಿನಕ್ಕೆ ಮೀಟಿಂಗ್ ಇಟ್ಟುಕೊಳ್ಳಬೇಡಿ, ರಜೆ ಹಾಕಿ.

ಅರ್ಜಿಯನ್ನು ಇಂಡೊನೇಷ್ಯಾ ವಲಸೆ ಇಲಾಖೆಯ ಅಧಿಕೃತ ಇ-ವೀಸಾ ತಾಣದಲ್ಲೇ ಹಾಕಬಹುದು. ಮೊತ್ತ, ಷರತ್ತುಗಳು ಬದಲಾಗುತ್ತಿರುವುದರಿಂದ ಏಜೆಂಟರು ಹೇಳಿದ್ದನ್ನೂ ಅಲ್ಲಿ ತಾಳೆ ನೋಡಿಕೊಳ್ಳಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಮುಂದೆ ಬಾಲಿಯ ಕಂಪನಿಯೊಂದು ನಿಮ್ಮನ್ನು ಕೆಲಸಕ್ಕೆ ಕರೆದರೆ ಈ ವೀಸಾದಲ್ಲೇ ಒಪ್ಪಿಕೊಳ್ಳುವಂತಿಲ್ಲ. ಆ ಕಂಪನಿಯೇ ಪರವಾನಗಿ ಪಡೆದು, ನಿಮಗೆ ಕೆಲಸದ ವೀಸಾ ಮಾಡಿಸಿದ ಮೇಲೆಯೇ ಸೇರಬೇಕು.