ಚೌಕ ಒಂದು ದಿನ, ಮ್ಯೂಸಿಯಂ ಮರುದಿನ

ತುಮಕೂರಿನ ನಮ್ಮ ಕಚೇರಿಗೆ ಮೆಕ್ಸಿಕೊ ಪ್ರವಾಸದ ವಿಚಾರವಾಗಿ ಬರುವವರಲ್ಲಿ ಹೆಚ್ಚಿನವರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಟ ತಂದೆತಾಯಿಗಳು. ಹ್ಯೂಸ್ಟನ್ನಿನಲ್ಲೋ ಡಲ್ಲಾಸಿನಲ್ಲೋ ಮೊಮ್ಮಕ್ಕಳ ಜೊತೆ ಕೆಲವು ತಿಂಗಳು ಇದ್ದು, ನಡುವೆ ಒಂದು ವಾರ ಪಕ್ಕದ ದೇಶವನ್ನೂ ನೋಡಿಬರೋಣ ಎಂಬ ಆಸೆ. ಆಸೆ ಒಳ್ಳೆಯದೇ. ಅವರು ಬರೆದು ತಂದ ಪಟ್ಟಿ ನೋಡಿದಾಗ ಮಾತ್ರ ನನ್ನ ತಾಳ್ಮೆ ಕೆಡುತ್ತದೆ. ಕಾಂಕುನ್ ಕಡಲತೀರಕ್ಕೆ ಮೂರು ದಿನ, ಟಿಯೊಟಿಹುವಾಕಾನ್ ಪಿರಮಿಡ್ಡುಗಳಿಗೆ ಒಂದು ದಿನ, ಖರೀದಿಗೆ ಒಂದು ದಿನ, ಎಲ್ಲ ಆದ ಮೇಲೆ ಕೊನೆಯ ಸಾಲಿನಲ್ಲಿ: "ಹಳೆ ಪೇಟೆ ಮತ್ತು ಮ್ಯೂಸಿಯಂ, ಅರ್ಧ ದಿನ."

ಎಷ್ಟು ಹೇಳಿದರೂ ಈ ಅರ್ಧ ದಿನ ಪಟ್ಟಿಯಿಂದ ಹೋಗುವುದಿಲ್ಲ. ಮಗನೋ ಸೊಸೆಯೋ ಇಂಟರ್‌ನೆಟ್‌ನಲ್ಲಿ ನೋಡಿ ಗೊತ್ತುಮಾಡಿರುತ್ತಾರೆ. ಮೆಕ್ಸಿಕೊ ನಗರದ ಹಳೆ ಪೇಟೆಯ ಚೌಕಕ್ಕೂ ಮ್ಯೂಸಿಯಂಗೂ ನಡುವೆ ಏಳೇ ಕಿಲೋಮೀಟರ್ ಇರುವಾಗ ಒಂದೇ ಬೆಳಿಗ್ಗೆ ಎರಡೂ ಏಕೆ ಆಗಬಾರದು ಎಂದು ಕೇಳುತ್ತಾರೆ. ಎರಡಂತಸ್ತಿನ ಬಸ್ಸಿನಲ್ಲಿ ಕುಳಿತು ಸುತ್ತಿದರೆ ಖಂಡಿತ ಆಗುತ್ತದೆ. ಮ್ಯೂಸಿಯಂನ ಹೊರಗೋಡೆ ಚೆನ್ನಾಗಿ ಕಾಣುತ್ತದೆ.

ನಾನು ಹೇಳುವುದು ಇಷ್ಟು. ಚೌಕಕ್ಕೆ ಒಂದು ಬೆಳಿಗ್ಗೆ ಕೊಡಿ, ಮಾನವಶಾಸ್ತ್ರ ಮ್ಯೂಸಿಯಂಗೆ ಮರುದಿನ ಬೆಳಿಗ್ಗೆ ಕೊಡಿ. ಈ ಕ್ರಮವನ್ನು ತಿರುಗಿಸಬೇಡಿ. ಏಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಚುಟುಕಾಗಿ ಹೇಳಿದಾಗ ಯಾರೂ ಕೇಳಿಲ್ಲ.

ಮೆಕ್ಸಿಕೊ ನಗರದ ನಡುವೆ ಇರುವ ದೊಡ್ಡ ಚೌಕಕ್ಕೆ ಅಲ್ಲಿಯ ಜನ ಸೊಕಾಲೊ ಎನ್ನುತ್ತಾರೆ. ಉತ್ತರಕ್ಕೆ ಮಹಾ ಕೆಥೆಡ್ರಲ್, ಪೂರ್ವಕ್ಕೆ ರಾಷ್ಟ್ರೀಯ ಅರಮನೆ, ಈ ಎರಡರ ಮೂಲೆಯಲ್ಲಿ ಟೆಂಪ್ಲೊ ಮಯೋರ್ ಎಂಬ ಹಾಳು ದೇವಾಲಯ. ನಾವು ಶಾಲೆಯಲ್ಲಿ ಆಜ್ಟೆಕ್ ಎಂದು ಓದಿದ ಮೆಶಿಕಾ ಜನ 1325ರ ಸುಮಾರಿಗೆ ಇಲ್ಲಿ, ಕೆರೆಯ ನಡುವಿನ ದ್ವೀಪದಲ್ಲಿ, ಟೆನೊಚ್ಟಿಟ್ಲಾನ್ ಪಟ್ಟಣ ಕಟ್ಟಿದರು. 1521ರ ಆಗಸ್ಟ್ 13ರಂದು ಅದು ಸ್ಪೇನಿನವರ ವಶವಾಯಿತು. ಗೆದ್ದವರು ಗುಡಿಗಳನ್ನು ಕೆಡವಿ, ಅದೇ ಕಲ್ಲು ಬಳಸಿ, ಅದೇ ನೆಲದ ಮೇಲೆ ತಮ್ಮ ಊರು ಎಬ್ಬಿಸಿದರು. ದೊಡ್ಡ ವಿಗ್ರಹಗಳು ಮಣ್ಣಿನ ಅಡಿ ಸೇರಿದವು.

1790ರಲ್ಲಿ ಚೌಕದ ನೆಲ ಸರಿಪಡಿಸಲು ಅಗೆಯುವಾಗ ಆಗಸ್ಟ್ ತಿಂಗಳಲ್ಲಿ ಕೊವಾಟ್ಲಿಕ್ವೆ ಎಂಬ ತಾಯಿದೇವತೆಯ ವಿಗ್ರಹ ಸಿಕ್ಕಿತು. ಡಿಸೆಂಬರ್ ತಿಂಗಳಲ್ಲಿ ಸೂರ್ಯಶಿಲೆ ಸಿಕ್ಕಿತು. ಎರಡೂ ಈಗ ಮ್ಯೂಸಿಯಂನಲ್ಲಿವೆ. 1978ರ ಫೆಬ್ರುವರಿಯಲ್ಲಿ ಕೆಥೆಡ್ರಲ್‌ನ ಹಿಂಬದಿಯ ಬೀದಿ ಮೂಲೆಯಲ್ಲಿ ವಿದ್ಯುತ್ ಕಂಪನಿಯ ಕೆಲಸಗಾರರು ಅಗೆಯುತ್ತಿದ್ದಾಗ ಗುದ್ದಲಿಗೆ ಇನ್ನೊಂದು ಕಲ್ಲು ತಾಗಿತು. ಮೂರು ಮೀಟರಿಗೂ ಹೆಚ್ಚು ಅಗಲದ ದುಂಡು ಶಿಲೆ, ಅದರ ಮೇಲೆ ಕೈಕಾಲು ತಲೆ ಬೇರೆ ಬೇರೆಯಾಗಿ ಬಿದ್ದ ಹೆಂಗಸು. ಅವಳು ಕೊಯೊಲ್‌ಶೌಕಿ, ಕೊವಾಟ್ಲಿಕ್ವೆಯ ಮಗಳು. ಆ ಕಲ್ಲಿನಿಂದಾಗಿಯೇ ಅಲ್ಲಿನ ಕಟ್ಟಡಗಳನ್ನು ತೆಗೆದು, ಪುರಾತತ್ತ್ವಜ್ಞ ಎಡುವಾರ್ಡೊ ಮಾತೊಸ್ ಮೊಕ್ತೆಸುಮ ಅವರ ನೇತೃತ್ವದಲ್ಲಿ ಉತ್ಖನನ ನಡೆಸಿ, ಇಡೀ ದೇವಾಲಯದ ಬುಡವನ್ನು ಹೊರಗೆ ತಂದರು. 1987ರಲ್ಲಿ ಪಕ್ಕದಲ್ಲೇ ಒಂದು ಮ್ಯೂಸಿಯಂ ತೆರೆದರು. ಮಗಳು ಅಲ್ಲಿಯೇ ಉಳಿದಿದ್ದಾಳೆ.

ಕಥೆ ಹೀಗಿದೆ. ತಾಯಿ ಬೆಟ್ಟದ ಮೇಲೆ ಕಸ ಗುಡಿಸುತ್ತಿರುವಾಗ ಆಕಾಶದಿಂದ ಗರಿಯ ಉಂಡೆಯೊಂದು ಬಿತ್ತು. ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಸುರಿಯಾದಳು. ಇದು ಮನೆಗೆ ಅವಮಾನವೆಂದು ಮಗಳು ನಾನೂರು ತಮ್ಮಂದಿರನ್ನು ಕಟ್ಟಿಕೊಂಡು ತಾಯಿಯನ್ನು ಕೊಲ್ಲಲು ಬಂದಳು. ಆ ಕ್ಷಣದಲ್ಲೇ ಹೊಟ್ಟೆಯಲ್ಲಿದ್ದ ಮಗ, ಮೆಶಿಕಾಗಳ ಯುದ್ಧದೇವರು ಹುಯಿಟ್ಸಿಲೊಪೊಚ್ಟ್ಲಿ, ಆಯುಧ ಹಿಡಿದೇ ಹುಟ್ಟಿದ; ಅಕ್ಕನನ್ನು ಕಡಿದು ಬೆಟ್ಟದಿಂದ ಕೆಳಗೆ ಉರುಳಿಸಿದ. ಟೆಂಪ್ಲೊ ಮಯೋರ್ ಆ ಬೆಟ್ಟದ ಪ್ರತಿರೂಪ. ಮೇಲೆ ಹುಯಿಟ್ಸಿಲೊಪೊಚ್ಟ್ಲಿಯ ಗುಡಿ, ಅವನ ಮೆಟ್ಟಿಲುಗಳ ಬುಡದಲ್ಲಿ ಬಿದ್ದ ಅಕ್ಕ. ಅವಳು ಸಿಕ್ಕಿದ್ದು ಸರಿಯಾಗಿ ಆ ಜಾಗದಲ್ಲೇ.

ಅಂದ ಮೇಲೆ ಬೆಟ್ಟವೂ ಮಗಳೂ ಚೌಕದ ಪಕ್ಕ ಇದ್ದಾರೆ, ತಾಯಿ ಮಾತ್ರ ನಗರದ ಇನ್ನೊಂದು ಕಡೆ, ಚಪುಲ್ತೆಪೆಕ್ ತೋಪಿನ ಮ್ಯೂಸಿಯಂನಲ್ಲಿದ್ದಾಳೆ. ಗರ್ಭಗುಡಿ ಒಂದು ಊರಿನಲ್ಲಿ, ಮೂಲವಿಗ್ರಹ ಇನ್ನೊಂದು ಊರಿನಲ್ಲಿ ಇದ್ದ ಹಾಗೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಎರಡೂ ಅರ್ಥವಾಗುವುದಿಲ್ಲ. ಒಂದರ ಬೆನ್ನಿಗೆ ಒಂದನ್ನು ಮೂರು ಗಂಟೆಯಲ್ಲಿ ಓಡಿಸಿದರೆ ತಲೆಯಲ್ಲಿ ಉಳಿಯುವುದು ಕಾಲುನೋವು ಮಾತ್ರ.

ತಿಪಟೂರು ಕಡೆಯ ನಿವೃತ್ತ ಶಿಕ್ಷಕಿಯೊಬ್ಬರು ಒಮ್ಮೆ ನಮ್ಮ ಗುಂಪಿನಲ್ಲಿದ್ದರು. ಮೊದಲ ದಿನ ದುಂಡು ಶಿಲೆಯ ಮುಂದೆ ಕಥೆ ಕೇಳಿ ಅವರಿಗೆ ಸಮಾಧಾನವಾಗಲಿಲ್ಲ. "ತಾಯಿ ಯಾಕಪ್ಪಾ ಮಗಳ ಪರವಾಗಿ ಒಂದು ಮಾತೂ ಆಡಲಿಲ್ಲ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಅಲ್ಲಿನ ಮಾರ್ಗದರ್ಶಿಯಲ್ಲೂ ಇರಲಿಲ್ಲ. ರಾತ್ರಿ ಊಟದ ಹೊತ್ತಿಗೂ ಅದೇ ಮಾತು. ಮರುದಿನ ಮ್ಯೂಸಿಯಂನಲ್ಲಿ ಎಲ್ಲರಿಗಿಂತ ಮುಂದೆ ನಡೆದು ಕೊವಾಟ್ಲಿಕ್ವೆಯ ಎದುರು ನಿಂತರು. ಆಳಿಗಿಂತ ಎತ್ತರದ ವಿಗ್ರಹ. ತಲೆಯ ಜಾಗದಲ್ಲಿ ಕತ್ತಿನಿಂದ ಮೇಲೆದ್ದು ಪರಸ್ಪರ ಮುಖಮಾಡಿದ ಎರಡು ಹಾವುಗಳು, ಕೊರಳಲ್ಲಿ ಅಂಗೈ ಮತ್ತು ಹೃದಯಗಳ ಹಾರ, ಅದರ ಪದಕಕ್ಕೆ ತಲೆಬುರುಡೆ, ಹೆಣೆದ ಹಾವುಗಳ ಲಂಗ. "ಇವಳಿಗೂ ತಲೆಯಿಲ್ಲವಲ್ಲ" ಎಂದರು ಟೀಚರಮ್ಮ, ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಗುಂಪಿನ ಉಳಿದವರಿಗೆ ಕಥೆಯನ್ನು ಮೊದಲಿನಿಂದ ಹೇಳಿದವರು ಅವರೇ. ನನ್ನ ಕೆಲಸ ಉಳಿಯಿತು. ಅರ್ಧ ದಿನದ ಗುಂಪುಗಳನ್ನೂ ನಾನು ಕರೆದೊಯ್ದಿದ್ದೇನೆ. ಅದೇ ವಿಗ್ರಹದ ಮುಂದೆ ಅವರು "ಇದೇನು ಭೂತವೋ" ಎಂದು ಫೋಟೊ ತೆಗೆದು ಅಂಗಡಿ ಎಲ್ಲಿದೆ ಎಂದು ವಿಚಾರಿಸುತ್ತಾರೆ. ತಪ್ಪು ಅವರದಲ್ಲ, ಅವಳು ಯಾರೆಂದು ತಿಳಿಯಲು ಅವರಿಗೆ ಸಮಯವೇ ಕೊಟ್ಟಿಲ್ಲ.

ಈ ವಿಗ್ರಹದ ಬಗ್ಗೆ ಇನ್ನೆರಡು ಸಂಗತಿ ಹೇಳದೆ ಮುಂದೆ ಹೋಗಲಾರೆ. ಅದರ ತಳದಲ್ಲಿ, ನೆಲಕ್ಕೆ ತಾಗುವ ಮುಖದಲ್ಲಿ, ಭೂಮಿದೇವತೆಯ ಉಬ್ಬುಕೆತ್ತನೆ ಇದೆ. ನಿಲ್ಲಿಸಿದ ಮೇಲೆ ಯಾರ ಕಣ್ಣಿಗೂ ಬೀಳದೆಂದು ಗೊತ್ತಿದ್ದೂ ಶಿಲ್ಪಿ ಅಲ್ಲಿಯೂ ಉಳಿ ಹಿಡಿದಿದ್ದಾನೆ. ಎರಡನೆಯದು: 1790ರಲ್ಲಿ ಹೊರಬಂದ ಇವಳನ್ನು ವಿಶ್ವವಿದ್ಯಾಲಯದ ಅಂಗಳದಲ್ಲಿ ಇಟ್ಟಾಗ ಸ್ಥಳೀಯ ಜನ ಮೇಣದಬತ್ತಿ, ಹೂವು ತಂದು ಇಡತೊಡಗಿದರು. ಹಳೆಯ ಪೂಜೆ ಮತ್ತೆ ತಲೆಯೆತ್ತುತ್ತದೆಂದು ಹೆದರಿ ಅವಳನ್ನು ಪುನಃ ಹೂತುಬಿಟ್ಟರು. ಹಂಬೋಲ್ಟ್ ಎಂಬ ಜರ್ಮನ್ ವಿದ್ವಾಂಸ ಬಂದು ಕೇಳಿಕೊಂಡಾಗ ಅಗೆದು ತೋರಿಸಿ, ಆತ ಹೋದ ಮೇಲೆ ಮತ್ತೆ ಮಣ್ಣು ಮುಚ್ಚಿದರು. ಇದನ್ನು ಹೇಳಿದಾಗ ನಮ್ಮವರ ಮುಖದಲ್ಲಿ ಬೇರೆಯದೇ ಒಂದು ಗಮನ ಮೂಡುತ್ತದೆ, ಅದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಸೂರ್ಯಶಿಲೆಗೆ ಬರೋಣ. ಸುಮಾರು 24 ಟನ್ ತೂಕ, ಮೂರೂವರೆ ಮೀಟರ್ ಅಗಲ. ಇದನ್ನು ಮಾಯಾ ಕ್ಯಾಲೆಂಡರ್ ಎನ್ನಬೇಡಿ. ಇದು ಮಾಯಾ ಜನರದಲ್ಲ, ಮೆಶಿಕಾಗಳದು. 2012ರಲ್ಲಿ ಪ್ರಳಯ ಎಂದು ಟಿ.ವಿ.ಯವರು ಹುಯಿಲೆಬ್ಬಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ನಡುವೆ ನಾಲಿಗೆ ಚಾಚಿದ ಮುಖ, ಸುತ್ತ ಹಿಂದೆ ನಾಶವಾದ ನಾಲ್ಕು ಯುಗಗಳ ಗುರುತು, ಅದರಾಚೆ ಇಪ್ಪತ್ತು ದಿನಗಳ ಚಿಹ್ನೆಗಳ ಉಂಗುರ, ಅಂಚಿನಲ್ಲಿ ಎರಡು ಅಗ್ನಿಸರ್ಪಗಳು. ಸಿಕ್ಕ ಮೇಲೆ ಇದನ್ನು ಕೆಥೆಡ್ರಲ್‌ನ ಪಶ್ಚಿಮ ಗೋಪುರದ ಹೊರಗೋಡೆಗೆ ಒರಗಿಸಿದ್ದರು, 1885ರವರೆಗೂ ಅಲ್ಲೇ ಬಿಸಿಲುಮಳೆಯಲ್ಲಿ ಇತ್ತು. ಚೌಕದ ದಿನ ಆ ಗೋಡೆಯ ಬಳಿ ನಿಲ್ಲಿಸಿ ಇಷ್ಟನ್ನು ಹೇಳುತ್ತೇನೆ. ಖಾಲಿ ಗೋಡೆ ತೋರಿಸಲು ಇಷ್ಟು ದೂರ ಕರೆತಂದಿರಾ ಎಂದು ಗೊಣಗುವವರು ಇದ್ದೇ ಇರುತ್ತಾರೆ. ಮರುದಿನ ಕಲ್ಲಿನ ಮುಂದೆ ನಿಂತಾಗ "ಆ ಗೋಡೆಯಲ್ಲಿದ್ದದ್ದು ಇದೇ ಅಲ್ಲವೇ ಸಾರ್" ಎಂದು ಕೇಳುವವರೂ ಸಾಮಾನ್ಯವಾಗಿ ಅವರೇ.

ಕೆಥೆಡ್ರಲ್ ಒಳಗೂ ಹೋಗಿ. 1573ರಲ್ಲಿ ಆರಂಭಿಸಿ 1813ರಲ್ಲಿ ಮುಗಿಸಿದ ಕಟ್ಟಡ. ಒಳಗೆ ಮೇಲಿನಿಂದ ಉದ್ದನೆಯ ತೂಗುಗುಂಡು ಇಳಿಬಿಟ್ಟಿದ್ದಾರೆ. ಕೆಳಗೆ ನೆಲದ ಮೇಲೆ ಗೀರುಗಳು, ಕಟ್ಟಡ ಯಾವಾಗ ಎತ್ತ ವಾಲಿತ್ತೆಂಬ ದಾಖಲೆ. ಇಡೀ ನಗರವೇ ಬತ್ತಿಸಿದ ಕೆರೆಯ ಜೇಡಿಮಣ್ಣಿನ ಮೇಲಿದೆ. ಅಡಿಯ ನೀರನ್ನು ಎತ್ತಿದಂತೆಲ್ಲ ನೆಲ ಕುಸಿಯುತ್ತದೆ. ಇದನ್ನು ಇಂಜಿನಿಯರುಗಳಿಗೆ ವಿವರಿಸಲು ಹೆಣಗಾಡಿದ್ದೇನೆ. ಪಾವಗಡದ ರೈತರೊಬ್ಬರು ಮಾತ್ರ ಗೀರುಗಳನ್ನು ನೋಡಿದವರೇ, "ಇಲ್ಲಿ ಬೋರ್‌ವೆಲ್ ಎಷ್ಟು ಅಡಿ ಕೊರೆಯುತ್ತಾರೆ, ಕೇಳಿ" ಎಂದರು. ಮಾರ್ಗದರ್ಶಿಯೂ ಅವರೂ ಕೈಸನ್ನೆಯಲ್ಲೇ ಅರ್ಧ ಗಂಟೆ ಮಾತಾಡಿದರು.

ಅರಮನೆಯೊಳಗೆ ಡಿಯೆಗೊ ರಿವೇರಾ ಅವರ ಭಿತ್ತಿಚಿತ್ರಗಳಿವೆ. ಪ್ರವೇಶದ ನಿಯಮ ಆಗಾಗ ಬದಲಾಗುವುದರಿಂದ ಅದರ ಬಗ್ಗೆ ನಾನು ಯಾರಿಗೂ ಭರವಸೆ ಕೊಡುವುದಿಲ್ಲ, ಸಿಕ್ಕರೆ ಭಾಗ್ಯ.

ಇನ್ನು ಮ್ಯೂಸಿಯಂ. 1964ರ ಸೆಪ್ಟೆಂಬರಿನಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಪೆಡ್ರೊ ರಮಿರೆಸ್ ವಾಸ್ಕೆಸ್. ಹೊರಗೆ ರಸ್ತೆಬದಿಯಲ್ಲೇ ಮಳೆದೇವರು ಟ್ಲಾಲೊಕ್ ಎಂದು ಕರೆಯುವ, 150 ಟನ್ನಿಗೂ ಹೆಚ್ಚು ತೂಕದ ಏಕಶಿಲೆ ನಿಂತಿದೆ. ಕೊವಾಟ್ಲಿಂಚಾನ್ ಎಂಬ ಹಳ್ಳಿಯಿಂದ ಅದೇ ವರ್ಷದ ಏಪ್ರಿಲ್‌ನಲ್ಲಿ ತಂದದ್ದು. "ಊರಿನವರು ಸುಮ್ಮನೆ ಬಿಟ್ಟುಕೊಟ್ಟರೇ?" ಎಂದು ನಮ್ಮ ಕಡೆಯವರು ತಪ್ಪದೆ ಕೇಳುತ್ತಾರೆ. ಬಿಡಲಿಲ್ಲ. ಸಾಗಿಸಲು ಬಂದ ಗಾಡಿಯನ್ನು ಕೆಡಿಸಿದರು, ಸರ್ಕಾರ ಸೈನಿಕರನ್ನು ಕಳುಹಿಸಬೇಕಾಯಿತು. ಕಲ್ಲು ನಗರಕ್ಕೆ ಬಂದ ರಾತ್ರಿ ಮಳೆಗಾಲವಲ್ಲದಿದ್ದರೂ ಜೋರು ಮಳೆ ಸುರಿಯಿತಂತೆ.

ಒಳಗೆ ಹೋದವರು ಬಲಗಡೆಯ ಮೊದಲ ಕೋಣೆಯಿಂದ ಶುರುಮಾಡಿ ಒಂದೊಂದೇ ಫಲಕ ಓದುತ್ತ ಹೊರಡುತ್ತಾರೆ. ಮೂರನೆಯ ಕೋಣೆಗೆ ಸುಸ್ತಾಗಿ ಕುಳಿತುಬಿಡುತ್ತಾರೆ. ಹಾಗೆ ಮಾಡಬೇಡಿ. ಒಂದೇ ಕಂಬದ ಮೇಲೆ ನಿಂತ ದೊಡ್ಡ ಚಾವಣಿಯ ಕೆಳಗೆ ಅಂಗಳ ದಾಟಿ, ನೇರ ಎದುರಿನ ಮೆಶಿಕಾ ಸಭಾಂಗಣಕ್ಕೆ ಹೋಗಿ. ನಿನ್ನೆಯ ಚೌಕ ಅಲ್ಲಿ ಮುಂದುವರಿಯುತ್ತದೆ. ಅದಾದ ಮೇಲೆ ಕಾಲಿಗೆ ಶಕ್ತಿ ಇದ್ದಷ್ಟು ಉಳಿದದ್ದು.

ದಯವಿಟ್ಟು ಮೇಲಂತಸ್ತನ್ನು ಬಿಡಬೇಡಿ. ಕೆಳಗೆ ಇರುವುದು ಹಿಂದಿನವರು, ಮೇಲೆ ಇರುವುದು ಇಂದಿಗೂ ಬದುಕಿರುವ ಸಮುದಾಯಗಳ ಮನೆ, ಬಟ್ಟೆ, ಹಬ್ಬ, ಅಡುಗೆ. ಮಾರ್ಗದರ್ಶಿಗಳೇ ಅವಸರದಲ್ಲಿ ಅದನ್ನು ಹಾರಿಸುತ್ತಾರೆ. ಗುಬ್ಬಿಯ ಕಡೆಯ ಒಬ್ಬ ತಾಯಿ, ಇಂಗ್ಲಿಷ್ ಬಾರದು, ಎರಡು ದಿನವೂ ಹೆಚ್ಚು ಮಾತಾಡಿರಲಿಲ್ಲ. ಮೇಲೆ ಅಡುಗೆಮನೆಯ ಪ್ರದರ್ಶನದಲ್ಲಿ ಮೂರು ಕಾಲಿನ ಇಳಿಜಾರು ಅರೆಯುವ ಕಲ್ಲನ್ನು ಕಂಡು ನಿಂತರು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಇದರ ಮೇಲೆ ಅರೆಯುತ್ತಾರೆ ಎಂದು ಹೇಳಿದೆ. "ಮೆಕ್ಕೆಜೋಳ ತಾನೆ? ಸುಣ್ಣ ಹಾಕಿದರೆ ಸಿಪ್ಪೆ ಬಿಡುತ್ತದೆ. ಮೊಣಕಾಲೂರಿ ಅರೆಯಬೇಕು, ಸೊಂಟ ಹೋಗುತ್ತದೆ" ಎಂದರು ಆ ತಾಯಿ. ಅಲ್ಲಿಂದ ಮುಂದೆ ಪ್ರತಿ ಕೋಣೆಯಲ್ಲಿಯೂ ಅವರೇ ನಮಗೆ ಹೇಳುವವರಾದರು: ಈ ಮಗ್ಗವನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಾರೆ, ಈ ಬುಟ್ಟಿಯ ಬಾಯಿ ಹೀಗೇಕೆ ಇದೆ. ಸುಣ್ಣದಿಂದ ಜೋಳದಲ್ಲಿನ ನಯಾಸಿನ್ ಎಂಬ ಜೀವಸತ್ವ ದೇಹಕ್ಕೆ ದಕ್ಕುತ್ತದೆ ಎಂಬುದನ್ನು ನಾನು ಆಮೇಲೆ ಸೇರಿಸಿದೆ. ಜೋಳ ಯುರೋಪಿಗೆ ಹೋದಾಗ ಈ ವಿದ್ಯೆ ಜೊತೆಗೆ ಹೋಗಲಿಲ್ಲ, ಅದನ್ನೇ ತಿಂದು ಬದುಕಿದ ಬಡವರು ಪೆಲಾಗ್ರ ಎಂಬ ರೋಗಕ್ಕೆ ತುತ್ತಾದರು.

ಒಂದು ಕೋರಿಕೆ. ಮಾಯಾ ಜನ ನಮ್ಮ ಮಯಾಸುರನ ವಂಶದವರು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಅಲ್ಲಿನ ಮಾರ್ಗದರ್ಶಿಯ ಜೊತೆ ವಾದಿಸಬೇಡಿ. ಅದಕ್ಕೆ ಆಧಾರವಿಲ್ಲ. ಅವರ ಹಿರಿಯರ ಕೆಲಸವನ್ನು ಅವರ ಎದುರಿಗೇ ನಮ್ಮದೆನ್ನುವುದು ಮರ್ಯಾದೆಯೂ ಅಲ್ಲ.

ನಗರ ಸಮುದ್ರಮಟ್ಟದಿಂದ 2,240 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿಯ ತುದಿಗಿಂತಲೂ ಎತ್ತರ. ಮೆಟ್ಟಿಲು ಹತ್ತುವಾಗ ಏದುಸಿರು ಬಂದೀತು. ಹೃದಯ, ರಕ್ತದೊತ್ತಡದ ತೊಂದರೆ ಇದ್ದವರು ಹೊರಡುವ ಮುನ್ನ ವೈದ್ಯರನ್ನು ಕೇಳಿ. ನಾನು ಹೇಳುವ ಮಾತಲ್ಲ ಅದು. ಸಸ್ಯಾಹಾರಿಗಳು ಬೀನ್ಸ್‌ನಲ್ಲಿ ಹಂದಿ ಕೊಬ್ಬು, ಅನ್ನದಲ್ಲಿ ಕೋಳಿಸಾರು ಇದೆಯೇ ಎಂದು ಪ್ರತಿ ಸಲ ಕೇಳಬೇಕು. ಅಮೆರಿಕದ ವೀಸಾ ಇದ್ದರೆ ಪ್ರತ್ಯೇಕ ವೀಸಾ ಬೇಡ ಎಂಬ ನಿಯಮವನ್ನು ಟಿಕೆಟ್ ಮಾಡಿಸುವ ದಿನ ರಾಯಭಾರ ಕಚೇರಿಯಲ್ಲಿ ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ.

ಟೆಂಪ್ಲೊ ಮಯೋರ್ ಮತ್ತು ಮಾನವಶಾಸ್ತ್ರ ಮ್ಯೂಸಿಯಂ ಎರಡಕ್ಕೂ ಸೋಮವಾರ ರಜೆ. ಭಾನುವಾರ ಆ ದೇಶದವರಿಗೆ ಉಚಿತ ಪ್ರವೇಶ, ಕಾಲಿಡಲು ಜಾಗವಿರುವುದಿಲ್ಲ. ಆದ್ದರಿಂದ ಭಾನುವಾರ ಸಂಜೆ ಇಳಿದು, ಸೋಮವಾರ ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ಮಂಗಳವಾರ ಚೌಕ, ಬುಧವಾರ ಬಾಗಿಲು ತೆರೆಯುವ ಹೊತ್ತಿಗೆ ಮ್ಯೂಸಿಯಂ ಎಂದು ಬರೆದುಕೊಳ್ಳಿ. ಬೇಕಾದ ದಿನವನ್ನು ಕಾಂಕುನ್‌ನಿಂದ ತೆಗೆಯಿರಿ.