ಆಕ್ಷೇಪಣೆ ಬಂದ ಮೇಲೆ ಎರಡೇ ತಿಂಗಳು

ಪೇಟೆಂಟ್ ಮಂಜೂರಾದ ವಿಷಯ ಪ್ರಕಟವಾದ ದಿನದಿಂದ 1 ವರ್ಷದೊಳಗೆ, ಹಿತಾಸಕ್ತಿಯುಳ್ಳ ಯಾರು ಬೇಕಾದರೂ 1970ರ ಪೇಟೆಂಟ್ ಕಾಯ್ದೆಯ 25(2)ನೇ ಸೆಕ್ಷನ್ನಿನಡಿ ಅದರ ವಿರುದ್ಧ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಿಸುವವರ ಸಿದ್ಧತೆಗೆ ವರ್ಷವಿಡೀ ಇದ್ದರೆ, ಪೇಟೆಂಟ್ ಪಡೆದವರಿಗೆ 2003ರ ನಿಯಮಾವಳಿಯ 58ನೇ ನಿಯಮ ಕೊಡುವುದು 2 ತಿಂಗಳು ಮಾತ್ರ. ಅಷ್ಟರೊಳಗೆ ಉತ್ತರವೂ ಸಾಕ್ಷ್ಯವೂ ಸಲ್ಲಿಕೆಯಾಗದಿದ್ದರೆ, ಆಕ್ಷೇಪಣೆಯಲ್ಲಿ ಹುರುಳಿದೆಯೇ ಎಂದು ಯಾರೂ ತೂಗಿ ನೋಡುವ ಮೊದಲೇ ಪೇಟೆಂಟ್ ರದ್ದಾಯಿತೆಂದು ಭಾವಿಸಲಾಗುತ್ತದೆ.

ಈ ಲೆಕ್ಕ ಶುರುವಾಗುವುದು ಪೇಟೆಂಟ್ ಕಚೇರಿಯ ಪತ್ರದಿಂದಲ್ಲ, ಎದುರಾಳಿಯ ಹೇಳಿಕೆ ಮತ್ತು ಸಾಕ್ಷ್ಯದ ಪ್ರತಿ ನಿಮಗೆ ತಲುಪಿದ ದಿನದಿಂದ. ಪೀಣ್ಯದ ಯಂತ್ರ ತಯಾರಕರೊಬ್ಬರು ಖಾಸಗಿ ವಕೀಲರಿಂದ ಬಂದ ದಪ್ಪ ಲಕೋಟೆಯನ್ನು, ಚೆನ್ನೈ ಕಚೇರಿಯಿಂದ ನೋಟಿಸ್ ಬಂದಾಗ ನೋಡಿಕೊಳ್ಳೋಣವೆಂದು ಬೀರುವಿನಲ್ಲಿಟ್ಟು, ಗಡುವಿಗೆ 11 ದಿನ ಉಳಿದಿದ್ದಾಗ ನನ್ನಲ್ಲಿಗೆ ತಂದರು. 138ನೇ ನಿಯಮದಡಿ ಶುಲ್ಕ ಕಟ್ಟಿ ಹೆಚ್ಚಿನ ಕಾಲಾವಕಾಶ ಕೇಳುವ ದಾರಿಯಿದ್ದರೂ, ಅದನ್ನೇ ನೆಚ್ಚಿ ಕೂರುವುದನ್ನು ನಾನು ಒಪ್ಪುವುದಿಲ್ಲ. ಇಂಥ ಲಕೋಟೆಯ ಮೇಲೆ ಅದು ಕೈಸೇರಿದ ತಾರೀಖನ್ನು ಅಂದೇ ಬರೆದಿಡಿ. ಕಚೇರಿ ಬದಲಿಸಿದ್ದರೆ ಅಥವಾ ಏಜೆಂಟರನ್ನು ಬದಲಿಸಿದ್ದರೆ, ಪತ್ರವ್ಯವಹಾರದ ವಿಳಾಸವನ್ನು ದಾಖಲೆಯಲ್ಲಿ ಕೂಡಲೇ ತಿದ್ದಿಸಿ.

ಉತ್ತರದಲ್ಲಿ ಬರೀ ವಾದವಿದ್ದರೆ ಸಾಲದು. ಪ್ರಯೋಗದ ಫಲಿತಾಂಶವನ್ನೋ ತಜ್ಞರ ಅಭಿಪ್ರಾಯವನ್ನೋ ಆಧರಿಸುವುದಾದರೆ ಅದು ಅಫಿಡವಿಟ್ ರೂಪದಲ್ಲಿ ಉತ್ತರದ ಜೊತೆಗೇ ಹೋಗಬೇಕು, ಎದುರಾಳಿಗೂ ಪ್ರತಿ ತಲುಪಬೇಕು. ಇಂಗ್ಲಿಷಿನಲ್ಲಿಲ್ಲದ ದಾಖಲೆಗಳಿಗೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಅಫಿಡವಿಟ್‌ಗೆ ಸಹಿ ಹಾಕಬೇಕಾದ ತಜ್ಞರು ಊರಲ್ಲಿಲ್ಲದೆ ಕೊನೆಯ ವಾರವೆಲ್ಲ ಕಳೆದುಹೋಗುವುದನ್ನು ಎಷ್ಟು ಸಲ ಕಂಡಿದ್ದೇನೋ! ಆಮೇಲೆ ಎದುರಾಳಿಗೆ 1 ತಿಂಗಳ ಪ್ರತ್ಯುತ್ತರದ ಅವಕಾಶವಿದ್ದು, ಅದು ನಿಮ್ಮ ಸಾಕ್ಷ್ಯದಲ್ಲಿರುವ ವಿಷಯಗಳನ್ನು ಮೀರುವಂತಿಲ್ಲ. ಮೀರಿದ್ದರೆ ಲಿಖಿತವಾಗಿಯೇ ತಕರಾರು ಎತ್ತಿ. ಅದಾದ ಮೇಲೆ ಹೊಸ ಸಾಕ್ಷ್ಯಕ್ಕೆ ಕಂಟ್ರೋಲರ್ (ಆಕ್ಷೇಪಣೆಯನ್ನು ತೀರ್ಮಾನಿಸುವ ಪೇಟೆಂಟ್ ಅಧಿಕಾರಿ) ಅವರ ಅನುಮತಿ ಬೇಕು, ಅದನ್ನೂ ವಿಚಾರಣೆಯ ದಿನ ನಿಗದಿಯಾಗುವ ಮೊದಲೇ ಕೋರಬೇಕು.

ಕ್ಲೇಮುಗಳನ್ನು, ಅಂದರೆ ಪೇಟೆಂಟಿನ ಹಕ್ಕು ಎಲ್ಲಿಯವರೆಗೆ ಎಂದು ಹೇಳುವ ವಾಕ್ಯಗಳನ್ನು, ತಿದ್ದಿ ಪೇಟೆಂಟ್ ಉಳಿಸಿಕೊಳ್ಳಬಹುದು, ಆದರೆ 59ನೇ ಸೆಕ್ಷನ್ನಿನ ಪ್ರಕಾರ ತಿದ್ದುಪಡಿಯು ಹಕ್ಕಿನ ವ್ಯಾಪ್ತಿಯನ್ನು ಹಿಗ್ಗಿಸುವಂತಿಲ್ಲ.

ಆಕ್ಷೇಪಣೆಗೆಂದು ರಚನೆಯಾಗುವ ಮೂವರು ಸದಸ್ಯರ ವಿರೋಧ ಮಂಡಳಿಯು ದಾಖಲೆಗಳನ್ನೆಲ್ಲ ಪರಿಶೀಲಿಸಿ ಕಂಟ್ರೋಲರ್ ಅವರಿಗೆ ಶಿಫಾರಸು ಕೊಡುತ್ತದೆ. ಸುನಿಟಿನಿಬ್ ಎಂಬ ಕ್ಯಾನ್ಸರ್ ಔಷಧದ ಪೇಟೆಂಟ್ ಕುರಿತ ಸಿಪ್ಲಾ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ಈ ಶಿಫಾರಸನ್ನು ಉಭಯ ಪಕ್ಷಗಳಿಗೂ ಕೊಡಬೇಕೆಂದು ಹೇಳಿದೆ. ಪ್ರತಿ ಬಂದಿಲ್ಲವಾದರೆ ವಿಚಾರಣೆಗೆ ಹೋಗುವ ಮೊದಲೇ ಬರಹದಲ್ಲಿ ಕೇಳಿ ಪಡೆದುಕೊಳ್ಳಿ.