ಝಿಗುಲಿ ಎಷ್ಟು ಫಿಯಟ್, ಎಷ್ಟು ರಷ್ಯನ್?

ಲಾಡಾ, ಅಂದರೆ ರಷ್ಯನ್ನರ ಝಿಗುಲಿ ಕಾರಿನ ಮಾತು ಬಂದರೆ ಸಾಕು, 'ಅದು ಫಿಯಟ್ ಕಾಪಿ ಬಿಡ್ರಿ' ಅಂತ ಒಬ್ಬರು, 'ಅದರ ಕಥೆಯೇ ಬೇರೆ' ಅಂತ ಇನ್ನೊಬ್ಬರು. ಕದ್ದು ಮಾಡಿದ ಕಾಪಿಯಂತೂ ಅಲ್ಲ. 1966ರಲ್ಲಿ ಸೋವಿಯತ್ ಸರ್ಕಾರ ಇಟಲಿಯ ಫಿಯಟ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡೇ 124 ಮಾಡೆಲ್ ತಂದಿತ್ತು. 1967ರ 'ವರ್ಷದ ಯುರೋಪಿಯನ್ ಕಾರು' ಅಂತ ಹೆಸರು ಮಾಡಿದ ಕಾರು ಅದು.

ಕಾರ್ಖಾನೆಗೆ ಆರಿಸಿದ್ದು ವೋಲ್ಗಾ ದಂಡೆಯ ತೊಲ್ಯಾಟಿ. ಇಟಲಿಯ ಕಮ್ಯುನಿಸ್ಟ್ ನಾಯಕರೊಬ್ಬರ ಹೆಸರನ್ನು ಆ ಊರಿಗೆ 1964ರಲ್ಲೇ ಇಟ್ಟಾಗಿತ್ತು.

ನಿಜವಾದ ಕಥೆ ಶುರುವಾಗೋದು ಕಾರನ್ನು ಅಲ್ಲಿನ ರಸ್ತೆಗಿಳಿಸಿದಾಗ. ಮಾಸ್ಕೋದ ಉತ್ತರಕ್ಕಿರುವ ದ್ಮಿತ್ರೋವ್ ಪರೀಕ್ಷಾ ಮೈದಾನದ ಕಲ್ಲು ಹಾಸಿನ ಮೇಲೆ ಓಡಿಸಿದರೆ ಬಾಡಿಯೇ ಬಿರುಕು ಬಿಟ್ಟಿತು. ಹಿಂದಿನ ಡಿಸ್ಕ್ ಬ್ರೇಕ್‌ಗಳು ಕೆಸರಿನಲ್ಲಿ ಬೇಗ ಸವೆದವು. ಹಾಗಾಗಿ ಬಾಡಿಗೆ ದಪ್ಪ ತಗಡು ಬಂತು, ಹಿಂದೆ ಡ್ರಮ್ ಬ್ರೇಕ್ ಬಂತು, ಕಾರು ನೆಲದಿಂದ ಇನ್ನಷ್ಟು ಮೇಲೆದ್ದಿತು. ಹಿಂದಿನ ಸಸ್ಪೆನ್ಷನ್ ಬದಲಾಯಿತು. ಎಂಜಿನ್ ಕೂಡ ಹೊಸದು: ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಂಜಿನ್ನಿನ ತಲೆಯ ಮೇಲಕ್ಕೆ ಹೋಯಿತು. ಕೊರೆಯುವ ಚಳಿಯಲ್ಲಿ ಬ್ಯಾಟರಿ ಕೈಕೊಟ್ಟರೆ ಏನು ಗತಿ? ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬಹುದಿತ್ತು. ಎಲ್ಲ ಸೇರಿ 800ಕ್ಕೂ ಜಾಸ್ತಿ ಬದಲಾವಣೆ ಅಂತಾರೆ. ಇಷ್ಟಾದ ಮೇಲೂ ಕಾಪಿ ಅನ್ನೋದು ಸ್ವಲ್ಪ ಅನ್ಯಾಯವೇ.

1970ರ ಏಪ್ರಿಲ್ 19ರಂದು ಮೊದಲ ಕಾರುಗಳು ಜೋಡಣೆಯಾದವು. ಕಾರ್ಖಾನೆಯ ಲೆಕ್ಕದಲ್ಲಿ ವಾಜ್-2101. ಅಲ್ಲೇ ಹತ್ತಿರದ ಬೆಟ್ಟಗಳ ಹೆಸರಿನಿಂದ ಝಿಗುಲಿ. ಜನರ ಬಾಯಲ್ಲಿ ಕೊಪೆಯ್ಕ, ಅಂದರೆ ಬಿಡಿಗಾಸು. ಹೊರದೇಶಕ್ಕೆ ಹೋದಾಗ 'ಝಿಗುಲಿ' ಕೇಳಲು 'ಜಿಗೊಲೊ' (ದುಡ್ಡಿಗಾಗಿ ಹೆಂಗಸರ ಸಂಗ ಮಾಡುವವ) ಥರ ಇದೆ ಅಂತ ಲಾಡಾ ಆಯಿತು.

ಆಮೇಲಿನ ದಶಕಗಳಲ್ಲಿ ದುಂಡು ದೀಪ ಚೌಕವಾಯಿತು, ಎಂಜಿನ್ ದೊಡ್ಡದಾಯಿತು, ಅಡಿಪಾಯ ಮಾತ್ರ ಅದೇ ಉಳಿಯಿತು. ಕಾರಿಗಾಗಿ ವರ್ಷಗಟ್ಟಲೆ ಕಾಯುವ ಜನರಿದ್ದಾಗ ಹೊಸದು ಮಾಡುವ ಅವಸರ ಎಲ್ಲಿಂದ ಬರಬೇಕು, ಅಲ್ವಾ? ಅಂಬಾಸಿಡರ್ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. (ನಮ್ಮಲ್ಲಿ ಓಡಾಡಿದ ಪ್ರೀಮಿಯರ್ 118 ಎನ್‌ಇ ಕೂಡ ಇದೇ 124ರ ಬಳಗದ್ದು.)

1984ರಲ್ಲಿ ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಹೊಸ ಕಾರು ಅದೇ ಕಾರ್ಖಾನೆಯಿಂದ ಬಂತು. ಹಳೆಯದೂ ಪಕ್ಕದಲ್ಲೇ ತಯಾರಾಗುತ್ತಿತ್ತು. ಇಟಲಿಯಲ್ಲಿ 124 ಸೆಡಾನ್ ನಿಂತಿದ್ದು 1974ರಲ್ಲಿ. ರಷ್ಯಾದಲ್ಲಿ ಅದರ ಕೊನೆಯ ಕುಡಿ 2012ರವರೆಗೂ ತಯಾರಾಯಿತು.